ಪರದೆಯ ಕೆಳಗಿನ ಚಪ್ಪಲಿ

ಜಮಖಂಡಿಯಲ್ಲಿ ಸಂಸ್ಥಾನದ ಕಾಲದ ಒಂದು ಬಾರ್ ಇದೆ. ಸಾಗವಾನಿ ಕಂಬಗಳು, ಕಲ್ಲುಹಾಸಿನ ಮೇಜುಗಳು, ಗೋಡೆಯುದ್ದಕ್ಕೂ ಹಸಿರು ಪರದೆಯ ಐದು ಖೋಲಿ. ಪರದೆ ನೆಲಕ್ಕೆ ಒಂದು ಗೇಣು ಕಡಿಮೆ. ಒಳಗಿನವರ ಮುಖ ಕಾಣದು, ಚಪ್ಪಲಿ ಕಾಣುತ್ತದೆ. ಯಾರಿಗೆ ಸೋಡಾ, ಯಾರಿಗೆ ನೀರು ಎಂಬುದನ್ನು ಮುದುಕ ವೇಟರ್ ಚಪ್ಪಲಿ ನೋಡಿಯೇ ತಿಳಿಯುತ್ತಾನೆ. ಗುರುತು ಸಿಕ್ಕರೂ ಬಾಯಿ ಬಿಡಬಾರದು. ಅದು ಅಲ್ಲಿಯ ಕಟ್ಟಳೆ.

ನಾನು ಹೊರಗಿನ ಮೇಜಿನ ಗಿರಾಕಿ. ಊರವರೆಲ್ಲರ ದನಿ ನನ್ನ ಗಂಟಲಲ್ಲಿದೆ. ನನ್ನದು ಯಾವುದೆಂದು ನಮ್ಮ ಅವ್ವನಿಗೇ ಸಂಶಯ. ರಬಕವಿಯ ಸೀರೆ ವ್ಯಾಪಾರಿಯ ಮಗಳು ಇಂಥ ನನ್ನನ್ನೂ ಒಪ್ಪಿದ್ದಳು. ಮಾತುಕತೆಗೆ ಕೂತಾಗ ನಮ್ಮ ಓಣಿಯ ಸಾವುಕಾರ ಬಾಯಿ ಹಾಕಿದ.

“ಹುಡುಗ ಬಾರಿನ್ಯಾಗ ಕುಂತು ಮಂದೀನ್ನ ಅಣಕಸ್ತಾನ್ರಿ. ಕುಡುಕಗ ಹೆಣ್ಣ ಕೊಡ್ತೀರೇನು?”

ವ್ಯಾಪಾರಿ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋದರು.

ಆ ಸಾವುಕಾರನ ಕರಕರ ಎನ್ನುವ ಚಪ್ಪಲಿ ಪ್ರತಿ ಭಾನುವಾರ ಮಧ್ಯಾಹ್ನ ಮೂರನೆಯ ಪರದೆಯಡಿ ಇರುತ್ತಿದ್ದವು. ಕಟ್ಟಳೆ ಪಾಲಿಸಿ ಸುಮ್ಮನಿದ್ದವನು ನಾನು, ಕುಡುಕನೆನಿಸಿಕೊಂಡವನೂ ನಾನೇ.

ಆಗ ಮಠದ ಸ್ವಾಮಿಗಳು, ನಮ್ಮೆಲ್ಲರ ಅಜ್ಜಾರು, ಜೋಳಿಗೆ ಹಿಡಿದು ಓಣಿ ಓಣಿ ತಿರುಗುತ್ತಿದ್ದರು. ಕಾಳು ಬೇಡ, ನಿಮ್ಮ ಚಟ ಹಾಕಿ ಎನ್ನುವ ಭಿಕ್ಷೆ. ಮುಂದೆ ನಿಂತು ಜೈಕಾರ ಹಾಕುತ್ತಿದ್ದವನು ಇದೇ ಸಾವುಕಾರ. ಅಜ್ಜಾರ ಒಡಕು ದನಿ, ನಡುವೆ ಸಣ್ಣ ಕೆಮ್ಮು: ಬಚ್ಚಲಲ್ಲಿ ವಾರವಿಡೀ ತಾಲೀಮು ಮಾಡಿದೆ. ಅವ್ವ ಹೊರಗಿನಿಂದ, “ಅಜ್ಜಾರು ಯಾವಾಗ ಬಂದ್ರಲೇ?” ಎಂದು ತಲೆಗೆ ಸೆರಗು ಹೊದ್ದ ದಿನ ತಾಲೀಮು ಸಾಕೆನಿಸಿತು.

ಭಾನುವಾರ ಪರದೆಯ ಮುಂದೆ ನಿಂತೆ.

“ಯಪ್ಪಾ… ಒಳಗ ಯಾರದೀರಿ? ಜೋಳಿಗಿ ತಂದೇನಿ. ಚಟ ಹಾಕ್ರಿ.”

ಗ್ಲಾಸು ಉರುಳಿತು. ಸಾವುಕಾರ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿಕೊಂಡೇ ಬಂದು ನನ್ನ ಕಾಲಿಗೆ ಅಡ್ಡಬಿದ್ದ. “ತಪ್ಪಾತ್ರಿ ಅಜ್ಜಾರ, ಇವತ್ತಿಗೆ ಬಿಟ್ಟೆ!”

ಅಷ್ಟರಲ್ಲಿ ಐದನೆಯ ಪರದೆಯೂ ಸರಿಯಿತು. ತಮ್ಮೂರವರ ಕಣ್ಣು ತಪ್ಪಿಸಿ ಇಲ್ಲಿಗೆ ಬಂದಿದ್ದ ರಬಕವಿಯ ವ್ಯಾಪಾರಿ! ಅವರೂ ತಲೆಯೆತ್ತದೆ ಸಾವುಕಾರನ ಪಕ್ಕದಲ್ಲೇ ನೆಲಕ್ಕೆ ಹಣೆ ಹಚ್ಚಿದರು.

‘ಮಗಳನ್ನ ಆ ಹುಡುಗಗ ಕೊಡಪಾ’ ಎಂದು ಅದೇ ದನಿಯಲ್ಲಿ ಹೇಳಿದ್ದರೆ ಸಾಕಿತ್ತು. ಗಂಟಲವರೆಗೆ ಬಂದಿತ್ತು. ಆದರೆ ತಾನು ಬಿದ್ದದ್ದು ಯಾರ ಕಾಲಿಗೆ ಎಂದು ಸಾವುಕಾರನಿಗೆ ಗೊತ್ತಾಗುವುದು ಹೇಗೆ? ಅವನ ಬೋಳುತಲೆಯ ಮೇಲೆ ಕೈಯಿಟ್ಟೆ. ನನ್ನದೇ ದನಿ ತೆಗೆದೆ.

“ಕುಡುಕನ ಆಶೀರ್ವಾದ ಐತ್ರಿ, ಏಳ್ರಿ ಸಾವುಕಾರ್ರ.”

ಬಾರು ನಕ್ಕಿತು. ಸಾವುಕಾರ ಬರಿಗಾಲಲ್ಲೇ ಓಡಿದ. ವ್ಯಾಪಾರಿ ಮಾತ್ರ ನಿಧಾನವಾಗಿ ಎದ್ದು ಧೋತರ ಕೊಡವಿಕೊಂಡು, ನನ್ನ ಮುಖ ನೋಡದೆ ಹೋದರು. ಕಾಲಿಗೆ ಬೀಳಿಸಿಕೊಂಡವನನ್ನು ಯಾರು ಅಳಿಯ ಮಾಡಿಕೊಳ್ಳುತ್ತಾರೆ?

“ಲೇ ಹುಚ್ಚಾ, ಕೈಯಾರೆ ಹೆಣ್ಣ ಕಳಕೊಂಡೆಲ್ಲೋ,” ಎಂದ ವೇಟರ್.

ಅವಳನ್ನು ಮುಧೋಳಕ್ಕೆ ಕೊಟ್ಟರು. ಸಾವುಕಾರ ಮತ್ತೆ ಬರಲಿಲ್ಲ. ಅವನ ಚಪ್ಪಲಿ ಇಂದಿಗೂ ಮೂರನೆಯ ಪರದೆಯಡಿ ಇವೆ. ವೇಟರ್ ಎಸೆಯಲು ಹೋಗಿದ್ದ, ನಾನೇ ಬಿಡಲಿಲ್ಲ. ಭಾನುವಾರ ಅವು ಕಾಣುವಂತೆಯೇ ಕುರ್ಚಿ ಎಳೆದುಕೊಳ್ಳುತ್ತೇನೆ.