ಸುಮಿತ್ರ ಬೈಕು ಕಲಿತದ್ದು

ಉಡುಪಿ ಕಡೆಯ ನಿತ್ಯಾನಂದರು ಬ್ಯಾಂಕಿನ ಕೆಲಸಕ್ಕೆಂದು ಮೊದಲು ಫೋರ್ಟ್ ಕೊಚ್ಚಿಗೆ, ಆಮೇಲೆ ತಿರುವನಂತಪುರಕ್ಕೆ ಬಂದವರು. ಕೊಚ್ಚಿಯ ಉಪ್ಪುಗಾಳಿಗೆ ಅವರ ಬೈಕಿನ ಚೈನು ಬೇಗ ತುಕ್ಕು ಹಿಡಿಯುತ್ತಿತ್ತು. ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ, ಹಳೆಯ ಟೂತ್‌ಬ್ರಷ್ ಇಟ್ಟುಕೊಂಡು ಅದರ ಪಕ್ಕ ಕೂರುವ ಅಭ್ಯಾಸ ಅವರಿಗೆ ಹತ್ತಿದ್ದು ಅಲ್ಲಿಯೇ. ತಿರುವನಂತಪುರದ ಪಟ್ಟಂ ಬಡಾವಣೆಯ ಬಾಡಿಗೆ ಮನೆಗೆ ಬಂದ ಮೇಲೂ ಅದು ಬಿಡಲಿಲ್ಲ.

ಬೈಕು ಬಿಡುವುದು ಮಾತ್ರ ನಿಂತುಹೋಯಿತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎದುರಿನವರ ಮುಖವೂ ಮಸುಕಾದಾಗ ಡಾಕ್ಟರು ಬೇಡವೆಂದರು. ನಿತ್ಯಾನಂದರು ಕೆಲಸ ಬಿಟ್ಟು ಮನೆಯಲ್ಲಿ ಕುಳಿತರು. ಹೆಂಡತಿ ಸುಮಿತ್ರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರಿ ಮಾಡುತ್ತಾ, ದಿನವೂ ತುಂಬಿದ ಬಸ್ಸಿನಲ್ಲಿ ಹೋಗಿಬರುತ್ತಿದ್ದರು. ಬೈಕನ್ನು ಮಾರಿಬಿಡಿ ಎಂದು ನೆಂಟರು ಹೇಳಿದರೆ ನಿತ್ಯಾನಂದರು ಮಾತು ಬದಲಿಸುತ್ತಿದ್ದರು.

ಒಂದು ಭಾನುವಾರ ಸುಮಿತ್ರ ಅಂಗಳಕ್ಕೆ ಬಂದಾಗ ನಿತ್ಯಾನಂದರು ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಚೈನನ್ನು ಬೆರಳಿನಿಂದ ತಡವುತ್ತಿದ್ದರು.

"ಎಂತ ಮಾಡ್ತಿದ್ದೀರಿ? ಬೆರಳು ಸಿಕ್ಕಿಕೊಂಡ್ರೆ?"

"ಎಂಜಿನ್ ಆಫ್ ಉಂಟು ಮಾರಾಯ್ತಿ. ಚೈನು ಸಡಿಲ ಆಗಿದೆ, ಕೈಗೇ ಗೊತ್ತಾಗ್ತದೆ." ಎಂಜಿನಿನ ಕಡೆ ಕೈ ತೋರಿಸಿ ಕೇಳಿದರು, "ಎಣ್ಣೆಯ ಬಣ್ಣ ಮಾತ್ರ ಗೊತ್ತಾಗುದಿಲ್ಲ. ನೋಡಿ ಹೇಳ್ತೀಯಾ?"

ಎಂಜಿನಿನ ಬದಿಯ ಪುಟ್ಟ ಗಾಜಿನೊಳಗೆ ಸುಮಿತ್ರ ಇಣುಕಿದರು. "ಕಷಾಯದ ಹಾಗೆ ಕಪ್ಪು."

"ಹಾಗಾದ್ರೆ ಬದಲಿಸ್ಬೇಕು."

ಅವರು ಹೇಳಿದಂತೆ ಸುಮಿತ್ರ ಕೆಳಗಿನ ಬೋಲ್ಟು ಬಿಚ್ಚಿ ಹಳೆಯ ಎಣ್ಣೆಯನ್ನು ಬೇಸಿನ್ನಿಗೆ ಇಳಿಸಿದರು, ಹೊಸದನ್ನು ತುಂಬಿದರು. ಕೈಯೆಲ್ಲ ಮಸಿ. ಗಂಡ ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ಮಾತಾಡಿದ್ದು ಅವರ ಗಮನಕ್ಕೆ ಬಂತು. ಆದರೆ ಕೈ ತೊಳೆಯುವಾಗ ನಿತ್ಯಾನಂದರೇ ಅಂದರು, "ಬಿಡದೆ ಇಟ್ಟ ಬೈಕಿಗೆ ಎಣ್ಣೆ ಬದಲಿಸಿ ಎಂತ ಪ್ರಯೋಜನ?"

"ನಾನು ಬಿಡ್ತೇನೆ," ಎಂದರು ಸುಮಿತ್ರ.

ಕಾಲೇಜಿಗೆ ಹೋಗುವ ಮಗಳು ಪ್ರತೀಕ್ಷಾ ಒಳಗಿನಿಂದಲೇ, "ವೇಂಡ ಅಮ್ಮಾ," ಎಂದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಮಲಯಾಳ. ಐವತ್ತು ಹತ್ತಿರವಾದ ಅಮ್ಮ ಬೇಡವೆಂದರೆ ಕೇಳುವವರಲ್ಲ. ಹುಡುಗಿಯಾಗಿದ್ದಾಗ ಸೈಕಲ್ ತುಳಿದ ಕಾಲುಗಳು, ಹೇಗೋ ಆಗುತ್ತದೆ ಎಂದುಕೊಂಡು ಕಲಿಯುವವರ ಲೈಸೆನ್ಸ್ ಮಾಡಿಸಿದರು. ಶಾಲೆಯ ಮೈದಾನದಲ್ಲಿ ಎರಡು ಸಲ ಬಿದ್ದರು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ತಿರುಗಿಸುವಾಗ ಬಿಗಿಯಾದ ಕ್ಲಚ್ಚು ಹಿಡಿಯಲಾಗದೆ ಕಾಲು ನೆಲಕ್ಕೆ ತಾಗಿ ಫೇಲಾದರು. ಆ ಸಂಜೆ ನಿತ್ಯಾನಂದರು ಕ್ಲಚ್ಚಿನ ಕೇಬಲನ್ನು ತಡವಿ ತಡವಿ ಸಡಿಲಿಸಿ, ಹೆಂಡತಿಯ ಚಿಕ್ಕ ಅಂಗೈಗೆ ಹಗುರ ಮಾಡಿಕೊಟ್ಟರು. ಮುಂದಿನ ಸಲ ಸುಮಿತ್ರ ಪಾಸಾದರು.

ಮೊದಲ ದಿನ ಅವರು ಕಚೇರಿಗೆ ಬೈಕಿನಲ್ಲಿ ಹೊರಟಾಗ ನಿತ್ಯಾನಂದರು ಗೇಟಿನ ಬಳಿ ನಿಂತು, ಸದ್ದು ತಿರುವಿನಾಚೆ ಅಳಿಯುವವರೆಗೆ ಕೇಳಿಸಿಕೊಂಡರು. ಸಂಜೆ ಸುಮಿತ್ರ ಉತ್ಸಾಹದಿಂದ ಬಂದರೆ ಗಂಡನ ಮುಖ ಗಂಟಿಕ್ಕಿತ್ತು. ಊಟ ಮುಗಿಯಿತು. ಸುಮಿತ್ರ ಬಟ್ಟಲು ಎತ್ತುವಾಗ ಅವರೇ ಹೇಳಿದರು.

"ಬೆಳಿಗ್ಗೆ ನನಗೆ ಹೊಟ್ಟೆಕಿಚ್ಚಾಯ್ತು ಸುಮಿತ್ರ. ಕಲಿಸಿದ್ದು ನಾನೇ, ಆದ್ರೂ ಆಯ್ತು."

ಸುಮಿತ್ರ ಬಟ್ಟಲು ಕೆಳಗಿಟ್ಟರು. ಅವರ ಪಕ್ಕದಲ್ಲೇ ಕುಳಿತರು. ಆಮೇಲೆ, "ಭಾನುವಾರ ಶಂಖುಮುಖ ಬೀಚಿಗೆ ಹೋಗುವ. ಹಿಂದೆ ಕೂತ್ಕೊಳ್ತೀರಾ?" ಎಂದು ಕೇಳಿದರು.

ಆ ಭಾನುವಾರ ಸಮುದ್ರದ ದಾರಿಯುದ್ದಕ್ಕೂ ನಿತ್ಯಾನಂದರು ಹಿಂದಿನಿಂದ ಹೇಳುತ್ತಲೇ ಇದ್ದರು: ಗೇರು ಬೇಗ ಹಾಕಿದಿ, ಹಿಂದಿನ ಬ್ರೇಕು ಸ್ವಲ್ಪ ಉಜ್ಜುತ್ತದೆ, ಬಸ್ಸಿನ ಸದ್ದು ಬರ್ತಿದೆ ಬದಿಗೆ ಹೋಗು. ಸುಮಿತ್ರ ತಾಳಿ ತಾಳಿ ಕೊನೆಗೆ, "ನೀವು ಸುಮ್ಮನೆ ಗಾಳಿ ತಗೊಳ್ಳಿ," ಎಂದರು. ನಿತ್ಯಾನಂದರು ನಕ್ಕು, ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು ಸುಮ್ಮನಾದರು.