ಮಾವಶಿಗೆ ಮತ್ತೆ ಕೇಳಿದ ಪ್ರಶ್ನೆಗಳು

ಟೈಫಾಯ್ಡ್ ಬಂದು ಪರೀಕ್ಷೆಗೆ ಕೂರಲಾಗದೆ, ಬಿ.ಎ. ಕೊನೆಯ ವರ್ಷವನ್ನು ಸಾಂಗ್ಲಿಯ ಕಾಲೇಜಿನಲ್ಲಿ ನಾನು ಎರಡನೇ ಸಲ ಓದಬೇಕಾಯಿತು. ಸಮಾಜಶಾಸ್ತ್ರದ ಪ್ರಾಜೆಕ್ಟ್ ಮಾತ್ರ ಹಿಂದಿನ ವರ್ಷವೇ ಮುಗಿದಿತ್ತು. ಸಲಗರೆಯಲ್ಲಿ ಕುರಿ ಸಾಕಿಕೊಂಡಿದ್ದ ಮಾವಶಿಯ, ಅಂದರೆ ಅವ್ವನ ಅಕ್ಕನ, ಮನೆಯ ಬಗ್ಗೆ ಬರೆದದ್ದು. ಅದನ್ನೇ ಮೇಡಮ್ ಮುಂದೆ ಇಟ್ಟೆ.

“ನಿನ್ನದೇ ಆದರೂ ಹಾಗೇ ಕೊಡುವಂತಿಲ್ಲ,” ಎಂದು ಅವರು ಮರಾಠಿಯಲ್ಲಿ ಹೇಳಿದರು. “ಅದೇ ಮನೆಗೆ ಹೋಗು, ಅದೇ ಪ್ರಶ್ನೆ ಕೇಳು. ಏನು ಬದಲಾಗಿದೆ ಬರೆದು ಇದಕ್ಕೆ ಜೋಡಿಸು.”

ಆ ಮನೆಯ ಮಗ ತೀರಿಕೊಂಡಿದ್ದಾನೆ ಎಂದೆ. ಕುರಿಗಳನ್ನು ರಸ್ತೆ ದಾಟಿಸುವಾಗ ಲಾರಿ ಹಾಯ್ದಿತ್ತು.

ಮೇಡಮ್ ಹಾಳೆಗಳನ್ನು ನನ್ನ ಕಡೆಗೆ ಸರಿಸಿದರು. “ಹಾಗಾದರೆ ಹೋಗಲೇಬೇಕು,” ಎಂದರು.

ಮಾವಶಿಯ ಆ ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವನು ಹೋದಾಗ ನಾನು ಮೀರಜದ ಆಸ್ಪತ್ರೆಯಲ್ಲಿ ಮಲಗಿದ್ದೆ, ಮಣ್ಣಿಗೂ ಹೋಗಿರಲಿಲ್ಲ. ಅವನು ಸತ್ತ ಮೇಲೆ ಆ ಮನೆಯ ಹೊಸ್ತಿಲು ತುಳಿದದ್ದು ಇದೇ ಮೊದಲು. ಮಾವಶಿ ನೀರು ಕೊಟ್ಟಳು. ನಾನು ಬ್ಯಾಗಿನಿಂದ ಹಾಳೆ ತೆಗೆದದ್ದನ್ನು ನೋಡಿದಳು.

“ನನ್ನ ನೋಡಾಕ ಬಂದೀಯೋ, ಕೇಳಾಕ ಬಂದೀಯೋ?”

“ಕಾಲೇಜಿನಾಗ ಹೇಳ್ಯಾರ, ಮಾವಶಿ.”

“ಹಂಗಾರ ಕೇಳು.”

ಮನೆಯಲ್ಲಿ ದುಡಿಯುವವರೆಷ್ಟು ಎಂಬುದು ಮೊದಲ ಪ್ರಶ್ನೆ. ಕೇಳಿದೆ. ಈಗಲೂ ನನಗೆ ಆಶ್ಚರ್ಯವಾಗುವುದು, ತಡವರಿಸದೆ ಕೇಳಿದ್ದು.

“ಹ್ವಾದ ಸಲ ಏನ್ ಬರದಿದ್ದಿ? ಓದು.”

ಹೋದ ಸಲ ಉತ್ತರ ಹೇಳಿದವನು ಅಣ್ಣ. ಅವನ ಮಾತನ್ನು ಅವನು ಅಂದ ಹಾಗೇ ಬರೆದುಕೊಂಡಿದ್ದೆ. ಓದಿದೆ: “ದುಡಿಯಾವ ನಾನೊಬ್ಬನ. ಉಳದಾವ್ರೆಲ್ಲಾ ಉಣ್ಣಾವ್ರು.”

“ಮತ್ತ ಓದು.”

ಮತ್ತೆ ಓದಿದೆ. ಅವಳು ಒಂದೊಂದೇ ಪ್ರಶ್ನೆಗೂ ಹಾಗೇ ಓದಿಸಿದಳು. ಮೇವು ಎಲ್ಲಿ, ಉಣ್ಣೆ ಯಾರು ಕೊಳ್ಳುತ್ತಾರೆ, ಮಳೆಗಾಲದಲ್ಲಿ ಮಂದೆ ಎಲ್ಲಿ ತಂಗುತ್ತದೆ, ಎಲ್ಲಕ್ಕೂ ಅವನದೇ ಉತ್ತರ, ನನ್ನ ಬಾಯಲ್ಲಿ. ಅವಳು ಅಳಲಿಲ್ಲ. ಕಣ್ಣು ಮುಚ್ಚಿ ಕೇಳಿದಳು. ಮುಗಿದ ಮೇಲೆ ಎದ್ದು ನಿಂತಳು.

“ಅದನ್ನ ಬರಿ. ನನ್ನ ಹಂತ್ಯಾಕ ಬ್ಯಾರೆ ಉತ್ತರ ಇಲ್ಲ.”

ಆದರೆ ಮೇಡಮ್ ಬದಲಾದದ್ದನ್ನು ಕೇಳಿದ್ದರು. ಹೊರಗೆ ಬಂದು ಕುರಿದೊಡ್ಡಿ ನೋಡಿದೆ, ಖಾಲಿ. ಅದನ್ನು ಬರೆದುಕೊಂಡೆ. ಮಾವಶಿಯ ಮಗಳು ಪರರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಾಳೆಂದು ಪಕ್ಕದ ಮನೆಯಾಕೆ ಹೇಳಿದಳು, ಅದನ್ನೂ ಬರೆದೆ. ಮಾವಶಿ ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

ನಾನು ಬರೆದು ಕೊಟ್ಟದ್ದನ್ನು ಮೇಡಮ್ ತರಗತಿಯಲ್ಲಿ ಓದಿದರು. “ಸಂಶೋಧನೆ ಅಂದರೆ ಇದು. ನೀನು ವರ್ಷ ಕಳೆದುಕೊಂಡದ್ದೇ ಒಳ್ಳೆಯದಾಯಿತು,” ಎಂದರು. ನನಗಿಂತ ಚಿಕ್ಕವರು ಚಪ್ಪಾಳೆ ತಟ್ಟಿದರು. ನನಗೆ ಖುಷಿಯೇ ಆಯಿತು.

ಪಾಸಾದ ಸುದ್ದಿ ಹೇಳಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

“ಅಕ್ಕ ಫೋನ್ ಮಾಡಿದ್ಲು. ಮಗಳ ಲಗ್ನ ಗೊತ್ತಾಗೇತಂತ. ನಿನ್ನ ಕರಕೊಂಡ ಬರಬ್ಯಾಡ ಅಂದ್ಲು.”

ಲಗ್ನಕ್ಕೆ ಅವ್ವ ಒಬ್ಬಳೇ ಹೋದಳು. ನಾನು ಎಂ.ಎ.ಗೆ ಅರ್ಜಿ ತುಂಬಿದೆ.