ಐದಕ್ಕ ಮತ್ತು ಮಾತಾಡುವ ಶೂ

ಶೂ ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಅಟ್ಟೆಗೆ ಅಂಟು ಹಚ್ಚುತ್ತಿದ್ದವಳಿಗೆ ಐದಕ್ಕ ಎಂಬ ಹೆಸರು ಬಂದದ್ದು ಪಾದದ ದೆಸೆಯಿಂದ. ಹೆಂಗಸರ ಹೊಸ ಶೂ ಯಾವುದೇ ಇರಲಿ, ಮೊದಲ ಜೋಡಿಯನ್ನು ಅಲ್ಲಿ ಐದನೇ ನಂಬರಿನಲ್ಲೇ ಮಾಡುತ್ತಿದ್ದರು. ಅದನ್ನು ಹಾಕಿ ನೋಡಲು ಸರಿಯಾದ ಕಾಲು ಸಿಗದೆ ಅಳತೆಯವರು ಟೇಪು ಹಿಡಿದು ಕಾರ್ಖಾನೆಯೆಲ್ಲ ಅಲೆದಾಗ, ಅವಳ ಪಾದ ಶೂ ರೂಪಿಸುವ ಮರದ ಅಚ್ಚಿಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಹೊಂದಿತು. ಅಂದಿನಿಂದ ದಿನಾ ಬೆಳಿಗ್ಗೆ ಹೊಸ ಶೂ ಹಾಕಿಕೊಂಡು ಕಾಂಪೌಂಡಿನೊಳಗೆ ಹತ್ತು ಸುತ್ತು ಓಡುವುದೇ ಅವಳ ಕೆಲಸವಾಯಿತು.

ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. “ಓಡೋಕೆ ಸಂಬಳನಾ? ನಿನ್ನ ಗಂಡ ಚಿಕ್ಕೋನಿದ್ದಾಗ ಊಟದ ತಟ್ಟೆ ಹಿಡ್ಕೊಂಡು ಅವನ ಹಿಂದೆ ಓಡಿದೆನಲ್ಲ, ನಂಗೆ ಯಾರು ಕೊಟ್ರು?”

ಓಡಿದ ಮೇಲೆ ಫಾರಂ ತುಂಬಬೇಕು. ಅದರಲ್ಲಿ ಇದ್ದದ್ದು ಮೂರೇ ಉತ್ತರ: ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅದ್ಭುತ. ಐದಕ್ಕ ಮನಸ್ಸಿನಲ್ಲಿದ್ದದ್ದನ್ನು ಹಿಂಬದಿಯಲ್ಲಿ ಬರೆಯುತ್ತಿದ್ದಳು. “ಕಿರುಬೆರಳಿಗೆ ಉಸಿರು ಕಟ್ಟುತ್ತದೆ.” “ಲೇಸು ನಾಲ್ಕು ಸಲ ಬಿಚ್ಚಿಕೊಂಡಿತು.” ಫಾರಂ ತಿರುಗಿಸಿ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಶೂ ಡಿಸೈನ್ ಮಾಡುವ ಯುವಕನನ್ನು ಎಲ್ಲರೂ ಐಡಿಯಾ ಸಾರ್ ಎನ್ನುತ್ತಿದ್ದರು. ಒಳ್ಳೆಯವನೇ. ಆದರೆ ಅವನ ತಲೆಗೆ ಹೊಳೆದದ್ದೆಲ್ಲ ಐದಕ್ಕನ ಕಾಲಿಗೆ ಬರುತ್ತಿತ್ತು. ಹಿಮ್ಮಡಿಗೆ ಸ್ಪ್ರಿಂಗ್ ಇಟ್ಟ ಶೂ ಅವಳನ್ನು ಸೈಕಲ್ ಸ್ಟ್ಯಾಂಡಿನೊಳಕ್ಕೆ ಎಸೆಯಿತು. ಗಾಳಿಯಾಡಲೆಂದು ಅಟ್ಟೆಗೆ ತೂತು ಕೊರೆದ ಶೂ ಕಾಂಪೌಂಡಿನ ಸಣ್ಣ ಕಲ್ಲುಗಳನ್ನೆಲ್ಲ ಆರಿಸಿ ಒಳಗಿಟ್ಟುಕೊಂಡಿತು. ಆಮೇಲೆ ಬಂದದ್ದು ಮಾತಾಡುವ ಶೂ. ಅದು ಹೆಜ್ಜೆ ಎಣಿಸಿ, ಓಡುವವರನ್ನು ಹುರಿದುಂಬಿಸುತ್ತದಂತೆ.

“ಒಂದು ವಾರ ಎಲ್ಲಿಗೆ ಹೋದ್ರೂ ಇದನ್ನೇ ಹಾಕ್ಕೊಳ್ಳಿ ಅಕ್ಕಾ,” ಎಂದ.

ಮೂರನೆಯ ದಿನ ಹಿಂದಿನ ಬೀದಿಯ ಮೇಷ್ಟ್ರು ತೀರಿಕೊಂಡರು. ಐದಕ್ಕ ಗಂಡನ ಜೊತೆ ಶವದ ಹಿಂದೆ ತಲೆ ತಗ್ಗಿಸಿ ನಡೆದಳು. ಬೀದಿಯ ತಿರುವಿನಲ್ಲಿ, ಎಲ್ಲರೂ ಮೌನವಾಗಿದ್ದಾಗ, ಅವಳ ಬಲಗಾಲು ಗಟ್ಟಿಯಾಗಿ ಕೂಗಿತು: “ಭೇಷ್! ಗುರಿ ಹತ್ತಿರ ಬರ್ತಿದೆ!”

ಮೇಷ್ಟ್ರ ತಮ್ಮ ತಿರುಗಿ ನೋಡಿದರು. ಗಂಡ ಆಕಾಶ ನೋಡಿದ. ಐದಕ್ಕ ಬೆವೆತು ಹೆಜ್ಜೆ ನಿಧಾನ ಮಾಡಿದಳು.

“ಸೋಮಾರಿತನ ಬೇಡ! ಮುಂದಿರೋರನ್ನ ಹಿಂದೆ ಹಾಕಿ!”

ಎಲ್ಲರಿಗಿಂತ ಮುಂದಿದ್ದವರು ಮೇಷ್ಟ್ರು. ಐದಕ್ಕ ಶೂ ಬಿಚ್ಚಿ ಕಂಕುಳಲ್ಲಿ ಅವುಚಿಕೊಂಡು ಬರಿಗಾಲಲ್ಲಿ ಮನೆ ಕಡೆ ಓಡಿದಳು. ಕಂಕುಳಿನಿಂದಲೂ ಅದು ಅವಳ ವೇಗವನ್ನು ಹೊಗಳುತ್ತಲೇ ಇತ್ತು. ಗಂಡ ಆ ದಿನವೆಲ್ಲ ಅವಳ ಜೊತೆ ಮಾತು ಬಿಟ್ಟ. ಅತ್ತೆ ಅಡುಗೆಮನೆಯಲ್ಲಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕರು.

ಮರುದಿನ ಐದಕ್ಕ ಆ ಶೂಗಳನ್ನು ಐಡಿಯಾ ಸಾರ್ ಮೇಜಿನ ಮೇಲೆ ಕುಕ್ಕಿದಳು.

“ಬ್ಯಾಟರಿ ಹೇಗಿದೆ ಅಕ್ಕಾ?”

“ಬ್ಯಾಟರಿ ಇದೆ, ಮರ್ಯಾದೆ ಹೋಯ್ತು. ಸಾರ್, ನೀವು ಯಾವತ್ತಾದ್ರೂ ಓಡಿದ್ದೀರಾ?”

ಅವನು ಯೋಚಿಸಿ, “ಬಸ್ಸಿಗೆ,” ಎಂದ.

“ನಾಳೆ ಬೆಳಿಗ್ಗೆ ಆರಕ್ಕೆ ಪಾರ್ಕಿಗೆ ಬನ್ನಿ.”

ಕಣ್ಣುಜ್ಜಿಕೊಳ್ಳುತ್ತ ಬಂದ. ಇಬ್ಬರೂ ನಲ್ಲಿಯ ಪಕ್ಕದ ಬೆಂಚಿನಲ್ಲಿ ಕುಳಿತು ಓಡುವವರ ಕಾಲು ನೋಡಿದರು. ಒಂದು ಗಂಟೆಯಲ್ಲಿ ಹದಿನೇಳು ಜನ ಲೇಸು ಕಟ್ಟಲು ಬಗ್ಗಿದರು. ಒಬ್ಬ ಹೆಂಗಸು ಹಿಮ್ಮಡಿಗೆ ಹತ್ತಿ ತುರುಕಿದ್ದಳು. ಒಬ್ಬರು ನಿವೃತ್ತ ಗುಮಾಸ್ತರಂತೂ ಹೊಚ್ಚ ಹೊಸ ಶೂವನ್ನು ಬ್ಲೇಡಿನಿಂದ ಕೊಯ್ದು ಕಿರುಬೆರಳಿಗೊಂದು ಕಿಟಕಿ ಮಾಡಿಕೊಟ್ಟಿದ್ದರು. ಐಡಿಯಾ ಸಾರ್ ಅವರನ್ನೇ ತಡೆದು ಕೇಳಿದ.

“ಮಾತಾಡೋ ಶೂ ಬಂದ್ರೆ ತಗೊಳ್ತೀರಾ ಸಾರ್?”

“ಮನೇಲಿ ಮಾತು, ಬೀದೀಲಿ ಮಾತು. ಕಿವಿಗೆ ಸ್ವಲ್ಪ ಪುರುಸೊತ್ತು ಸಿಗ್ಲಿ ಅಂತಾನೇ ಅಲ್ವೇನಪ್ಪಾ ನಾನು ಓಡೋದು?”

“ಮತ್ತೆ ಏನಿರಬೇಕು?”

“ಶೂ ಹಾಕಿದ್ದೀನಿ ಅನ್ನೋದೇ ಮರೆತು ಹೋಗ್ಬೇಕು.”

ಐಡಿಯಾ ಸಾರ್ ಕಾರ್ಖಾನೆಗೆ ಮರಳಿದ. ಆಮೇಲೆ ಐದಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದು ಶೂ ಮಾಡಿದ. ಮುಂದೆ ಅಗಲ, ಹಿಮ್ಮಡಿಗೆ ಮೆತ್ತನೆಯ ಬಟ್ಟೆ, ಒದ್ದೆ ನೆಲದಲ್ಲಿ ಜಾರದ ಅಟ್ಟೆ, ಬಿಚ್ಚಿಕೊಳ್ಳದ ಒರಟು ಲೇಸು.

ಮಾಲೀಕರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಇದರಲ್ಲಿ ವಿಶೇಷ ಏನಿದೆ?”

“ಏನೂ ಇಲ್ಲ ಸಾರ್,” ಎಂದಳು ಐದಕ್ಕ ಹೆಮ್ಮೆಯಿಂದ.

ಅವರ ಮುಖ ಹುಳ್ಳಗಾಯಿತು. ಆದರೂ ಸ್ಯಾಂಪಲ್ ಜೋಡಿಯನ್ನು ಮನೆಗೆ ಒಯ್ದರು. ಅವರ ಹೆಂಡತಿ ಅದನ್ನು ವಾಪಸ್ ಕೊಡಲೇ ಇಲ್ಲ. ಎರಡನೇ ಜೋಡಿ ಯಾವಾಗ ಎಂದು ಗಂಡನ ತಲೆ ತಿಂದರು. ಶೂ ಮಾರುಕಟ್ಟೆಗೆ ಬಂತು, ಮೊದಲ ತಿಂಗಳಲ್ಲೇ ಅಂಗಡಿಗಳು ಇನ್ನಷ್ಟು ಕಳಿಸಿ ಎಂದವು.

ಮಾಲೀಕರಿಗೆ ಹುರುಪು ಬಂತು. “ಇಷ್ಟು ಚೆನ್ನಾಗಿ ಓಡ್ತಿದೆ ಅಂದ್ಮೇಲೆ ಹೆಬ್ಬೆರಳ ಹತ್ರ ಒಂದು ಸಣ್ಣ ಟಾರ್ಚ್ ಹಾಕೋಣ,” ಎಂದರು.

ಐಡಿಯಾ ಸಾರ್ ಐದಕ್ಕನ ಮುಖ ನೋಡಿದ. ಟಾರ್ಚಿನ ಶೂ ತಯಾರಾಯಿತು. ಐದಕ್ಕ ಅದನ್ನು ತೆಗೆದುಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮಾಲೀಕರು ಕೇಳಿದಾಗಲೆಲ್ಲ ಇಬ್ಬರದೂ ಒಂದೇ ಉತ್ತರ: “ಟ್ರಯಲ್ ನಡೀತಾ ಇದೆ ಸಾರ್.”

ಈಗ ಎರಡು ವರ್ಷವಾಯಿತು, ಇನ್ನೂ ನಡೆಯುತ್ತಿದೆ.